ಕುಚ್ಚಲಕ್ಕಿ ತಿಂದ ಕ್ಯಾಮರಾ

ಅಮ್ಮ ಬಾಯಿ ತುಂಬ ನಗುವ ಒಂದೇ ಒಂದು ಫೋಟೊ ಸಹ ನಮ್ಮ ಮನೆಯಲ್ಲಿರಲಿಲ್ಲ. ಎಪ್ಪತ್ತಾರು ವರ್ಷ ನಗುತ್ತ, ಬೈಯುತ್ತ ಬದುಕಿದ ಹೆಂಗಸು ಆಲ್ಬಮ್ಮಿನಲ್ಲಿ ಮಾತ್ರ ಕೋರ್ಟಿಗೆ ಸಾಕ್ಷಿ ಹೇಳಲು ಬಂದವರ ಹಾಗೆ ನಿಂತಿದ್ದಾಳೆ. ಸೆರಗು ನೇರ, ಕೈ ನೇರ, ತುಟಿ ಬಿಗಿ. ಇವಳು ನನ್ನ ಅಮ್ಮನೇ ಅಲ್ಲ ಎಂದು ನನಗೆ ಪ್ರತಿ ಸಲ ಸಿಟ್ಟು ಬರುತ್ತಿತ್ತು.

ಫೋನ್ ಇಲ್ಲವೇ ಎಂದು ಕೇಳಬೇಡಿ. ಇದೆ. ಆದರೆ ಫೋನ್ ಎತ್ತಿ ಹಿಡಿದರೆ ಅಮ್ಮನ ಪಾಲಿಗೆ ಅದು ದುಬೈಯಲ್ಲಿರುವ ನನ್ನ ತಮ್ಮನ ವಿಡಿಯೊ ಕಾಲ್. ಕೂಡಲೇ ಹತ್ತಿರ ಬಂದು, ಪರದೆ ತುಂಬ ಹಣೆ ತೋರಿಸಿ, "ಊಟ ಆಯ್ತಾ ಮಗಾ? ಎಂತ ಪದಾರ್ಥ?" ಎಂದು ಶುರು. ನನ್ನ ಫೋನಿನಲ್ಲಿ ಅಮ್ಮನ ಹಣೆಯ ಫೋಟೊಗಳು ರಾಶಿ ಬಿದ್ದಿವೆ. ಅಂದ ಹಾಗೆ ಅಮ್ಮ ಮಾತಾಡುವುದು ತುಳುವಿನಲ್ಲಿ. ನಾನು ಕನ್ನಡಕ್ಕೆ ತರುವಾಗ ಅರ್ಧ ಖಾರ ಇಳಿದಿದೆ ಎಂದು ತಿಳಿದುಕೊಳ್ಳಿ.

ಸರಿ, ದಿನಬಳಕೆಗೆ ಒಂದು ಕ್ಯಾಮರಾವೇ ಇರಲಿ ಎಂದು ಕುಲಶೇಖರದಿಂದ ಬಸ್ಸು ಹತ್ತಿ ಹಂಪನಕಟ್ಟೆಯ ಅಂಗಡಿಯೊಂದಕ್ಕೆ ಹೋದೆ. ಅಂಗಡಿಯವರು ಮೊದಲು ಎದುರಿಗಿಟ್ಟದ್ದು ಎಳೆ ಹಲಸಿನಕಾಯಿಯಷ್ಟು ದೊಡ್ಡದನ್ನು.

"ಇದ್ರಲ್ಲಿ ಹೊಳೆಯ ಆಚೆ ಬೆಂಗ್ರೆಯಲ್ಲಿ ಬಲೆ ಹೆಣೆಯುವವರ ಮೀಸೆ ಈಚೆ ದೋಣಿ ದಕ್ಕೆಯಲ್ಲಿ ನಿಂತೇ ಎಣಿಸ್ಬಹುದು ಅಕ್ಕ."

"ನನ್ನ ಅಮ್ಮ ಇರುದು ಅಡಿಗೆಮನೆಯಲ್ಲಿ ಮಾರಾಯ್ರೆ, ಬೆಂಗ್ರೆಯಲ್ಲಿ ಅಲ್ಲ."

"ಹಾಗಾದ್ರೆ ಎಂತದ್ದು ಬೇಕು ನಿಮಗೆ?"

ಅದು ನನಗೆ ಸರಿಯಾಗಿ ಗೊತ್ತಿತ್ತು. ನೈಟಿಯ ಕಿಸೆಯಲ್ಲಿ ಕೂರಬೇಕು. ಇನ್ನೊಂದು ಕೈ ಮೀನಿನದ್ದಾಗಿದ್ದರೂ ಒಂದೇ ಕೈಯಲ್ಲಿ ಕೆಲಸ ಆಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ನೋಡಲು ಚಂದ ಇರಬಾರದು. ಚಂದದ ವಸ್ತು ನಮ್ಮ ಮನೆಯಲ್ಲಿ ಬಳಕೆಗೆ ಬರುವುದಿಲ್ಲ, ಸೀದಾ ಕಪಾಟಿಗೆ ಹೋಗುತ್ತದೆ. ನನ್ನ ತಮ್ಮ ಮೊದಲ ರಜೆಗೆ ಬಂದಾಗ ತಂದ ಕಂಬಳಿ ಇನ್ನೂ ಪ್ಲಾಸ್ಟಿಕ್ಕಿನೊಳಗೇ ಇದೆ. ಗಾಜಿನ ಗ್ಲಾಸುಗಳು 'ಯಾರಾದರೂ ಬರುವಾಗ' ಎಂದು ಕಾದು ಕೂತಿವೆ, ಬಂದವರೆಲ್ಲ ಸ್ಟೀಲ್ ಲೋಟದಲ್ಲಿ ಚಾ ಕುಡಿದು ಹೋಗುತ್ತಿದ್ದಾರೆ.

"ಚಂದ ಇಲ್ಲದ್ದು ಕೊಡಿ ಅಂತ ಕೇಳಿದವರು ನೀವೇ ಮೊದಲು," ಎಂದು ಅವರು ಕೆಳಗಿನ ಶೆಲ್ಫಿನಿಂದ ಒಂದು ಬೂದು ಬಣ್ಣದ ಹಳೆ ಮಾಡೆಲ್ ತೆಗೆದರು. ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಒಂದು ಮೂಲೆ ಗೀರಿದೆ. ಗುಂಡಿ ಒತ್ತಿದರೆ ಲೆನ್ಸು ಆಮೆಯ ತಲೆಯ ಹಾಗೆ ಹೊರಗೆ ಬರುತ್ತಿತ್ತು. ನನಗೆ ತುಂಬ ಹಿಡಿಸಿತು. ಹೊರಡುವಾಗ ಅವರು ಒಂದು ಮಾತು ಸೇರಿಸಿದರು: "ನಮ್ಮ ಊರಿನ ಹವೆಗೆ ಲೆನ್ಸಿಗೆ ಫಂಗಸ್ ಹಿಡಿತದೆ ಅಕ್ಕ. ಒಣಗಿದ ಜಾಗದಲ್ಲಿ ಇಡಿ." ಮನೆಗೆ ಬಂದವಳೇ ಈ ಮಾತನ್ನು ಅಮ್ಮನಿಗೆ ಹೇಳಿದೆ. ಹೇಳಬಾರದಿತ್ತು.

ಮೊದಲ ವಾರ ಪೂರ್ತಿ ಸೋಲು. ಕಿಸೆಯಿಂದ ಕ್ಯಾಮರಾ ತೆಗೆಯುವಷ್ಟರಲ್ಲಿ ಅಮ್ಮ ಕಾಯಿ ತುರಿಯುತ್ತಿದ್ದವಳು ಎದ್ದು, ಸೆರಗು ಎಳೆದು, ಸಾಕ್ಷಿಗೆ ನಿಂತುಬಿಟ್ಟಿರುತ್ತಿದ್ದಳು. ಕೊನೆಗೆ ನಾನು ರೇಗಿಯೇ ಬಿಟ್ಟೆ.

"ನಿಂಗೆ ಸ್ವಲ್ಪ ನಗಾಡ್ಲಿಕ್ಕೆ ಎಂತ ಕಷ್ಟ?"

ಅಮ್ಮ ಗೋಡೆಯ ಕಡೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಅಜ್ಜಿಯ ಫೋಟೊ ಇದೆ. ಅಜ್ಜಿ ತೀರಿಕೊಂಡಾಗ ಮನೆಯೆಲ್ಲ ಹುಡುಕಿದರೂ ಒಂಟಿ ಫೋಟೊ ಸಿಗದೆ, ಯಾರದೋ ಮದುವೆಯ ಗ್ರೂಪ್ ಫೋಟೊದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಅಜ್ಜಿಯ ಹೆಗಲ ಪಕ್ಕದಲ್ಲಿ ಇನ್ಯಾರದೋ ಕೈ, ಆ ಕೈಯಲ್ಲಿ ಐಸ್‌ಕ್ರೀಮ್ ಕಪ್ಪು. ಮನೆಗೆ ಬಂದವರೆಲ್ಲ ಕೈ ಮುಗಿದು, ಮತ್ತೆ ಸ್ವಲ್ಪ ಬಗ್ಗಿ, ಅದು ಎಂತ ಎಂದು ಕೇಳುತ್ತಾರೆ. ಇಷ್ಟು ವರ್ಷ ಅದಕ್ಕೆ ಉತ್ತರ ಹೇಳಿದವಳು ಅಮ್ಮ.

"ಯಾವ ಫೋಟೊ ಗೋಡೆಗೆ ಹೋಗ್ತದೆ ಅಂತ ತೆಗೆಯುವಾಗ ಗೊತ್ತಾಗ್ತದಾ? ನನ್ನ ಅಮ್ಮನಿಗೆ ಗೊತ್ತಿತ್ತಾ? ನಾನು ಎಲ್ಲದಕ್ಕೂ ಸರಿಯಾಗಿಯೇ ನಿಲ್ತೇನೆ."

ಇಷ್ಟು ವರ್ಷ ನಾನು ಫೋಟೊ ತೆಗೆಯುತ್ತಿದ್ದೆ, ಅಮ್ಮ ಗೋಡೆಗೆ ತಯಾರಾಗುತ್ತಿದ್ದಳು. ಆ ಮೇಲೆ ನಾಲ್ಕು ದಿನ ನಾನು ಕ್ಯಾಮರಾ ಮುಟ್ಟಲೇ ಇಲ್ಲ.

ಐದನೆಯ ದಿನ ನೋಡಿದರೆ ಅದು ಇಟ್ಟಲ್ಲಿ ಇಲ್ಲ. ಕಪಾಟಿನಲ್ಲೂ ಇಲ್ಲ. ನಾನು ಮಂಚದ ಅಡಿ ತಡಕಾಡುತ್ತಿದ್ದಾಗ ಅಡಿಗೆಮನೆಯಿಂದ ಠಣ್ ಎಂದು ಶಬ್ದ ಬಂತು. ಅಮ್ಮ ಅಕ್ಕಿ ಡಬ್ಬಿಗೆ ಕೈ ಹಾಕಿದ್ದಳು, ಅಳೆಯುವ ಪಾವು ನನ್ನ ಕ್ಯಾಮರಾಕ್ಕೆ ಬಡಿದಿತ್ತು.

"ಒಣಗಿದ ಜಾಗದಲ್ಲಿ ಇಡ್ಬೇಕು ಅಂತ ನೀನೇ ಹೇಳಿದ್ದಲ್ವಾ? ತಮ್ಮನ ಫೋನು ನೀರಿಗೆ ಬಿದ್ದಾಗ ಅಕ್ಕಿಯಲ್ಲೇ ಸರಿ ಆದದ್ದು."

"ಎಂತ ಸಾವು ಮಾರಾಯ್ತಿ, ಇದು ಕುಚ್ಚಲಕ್ಕಿ. ತೌಡು ಪೂರಾ ಒಳಗೆ ಹೋಗಿರ್ತದೆ."

ಸಿಟ್ಟಿನಲ್ಲಿ ಗುಂಡಿ ಒತ್ತಿದೆ. ಲೆನ್ಸು ಕರಕರ ಎಂದು ಹಲ್ಲು ಕಡಿಯುತ್ತ ಅರ್ಧ ಬಂತು, ನಿಂತಿತು, ಯೋಚಿಸಿತು, ಮತ್ತೆ ಮುಂದೆ ಬಂದು ಒಂದು ಕೆಂಪು ಅಕ್ಕಿಕಾಳನ್ನು ನೆಲಕ್ಕೆ ಉದುರಿಸಿತು.

ಅಮ್ಮ ಆ ಕಾಳನ್ನು ನೋಡಿದಳು. "ಕುಚ್ಚಲಕ್ಕಿ ಜೀರ್ಣ ಆಗ್ಲಿಲ್ಲ ಇದಕ್ಕೆ. ಘಟ್ಟದ ಮೇಲಿನದ್ದಿರ್ಬೇಕು, ಬಿಳಿ ಅನ್ನ ತಿಂದು ಬೆಳೆದದ್ದು," ಎಂದಳು. ತನ್ನ ಮಾತಿಗೆ ತಾನೇ ಸೋತು ನಗಲು ಶುರು ಮಾಡಿದಳು. ಪಾವು ಎದೆಗೆ ಒತ್ತಿಕೊಂಡು, ಸೆರಗು ಜಾರಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಕ್ಯಾಮರಾ ಹೇಗೂ ನನ್ನ ಕೈಯಲ್ಲೇ ಇತ್ತು. ಒತ್ತಿದೆ.

ಫೋಟೊದ ಒಂದು ಮೂಲೆಯಲ್ಲಿ ತೌಡಿನ ಮಬ್ಬು ಇದೆ. ಉಳಿದದ್ದೆಲ್ಲ ನನ್ನ ಅಮ್ಮ. ತೋರಿಸಿದಾಗ ಕನ್ನಡಕ ಹಾಕಿ ತುಂಬ ಹೊತ್ತು ನೋಡಿದಳು.

"ಹಲ್ಲು ಹೋದದ್ದು ಸಹ ಕಾಣ್ತದೆ. ಇದನ್ನು ಗೋಡೆಗೆ ಹಾಕ್ಬೇಡ, ಆಯ್ತಾ? ಬಂದವರು ಎಂತಕ್ಕೆ ನಗಾಡುದು ಅಂತ ಕೇಳ್ತಾರೆ. ಉತ್ತರ ಹೇಳ್ಲಿಕ್ಕೆ ನಾನು ಇರುದಿಲ್ಲ."

"ನಾನು ಹೇಳ್ತೇನೆ," ಎಂದೆ.

ಅಮ್ಮ ಇನ್ನೊಮ್ಮೆ ಫೋಟೊ ನೋಡಿ ಕ್ಯಾಮರಾ ನನ್ನ ಕೈಗೆ ಕೊಟ್ಟಳು. "ಹೇಳುದಾದ್ರೆ ಘಟ್ಟದ ಮೇಲಿನ ಮಾತು ಬಿಡ್ಬೇಡ. ಅದು ಇಲ್ಲದಿದ್ರೆ ಯಾರಿಗೂ ನಗೆ ಬರುದಿಲ್ಲ," ಎಂದು ಮತ್ತೆ ಅಕ್ಕಿ ಅಳೆಯಲು ಬಗ್ಗಿದಳು.