ಕೈಯಲ್ಲಿ ಕ್ಲಚ್ಚಿದ್ದ ಕಾರು

ಮೊನ್ನೆ ಕೆಳಗಿನ ಮನೆಯವರು ಹೊಸ ಕಾರು ತಂದರು. ಚಕ್ರದಡಿ ನಿಂಬೆಹಣ್ಣು ಇಟ್ಟು, ಬಾನೆಟ್ಟಿಗೆ ಕುಂಕುಮ ಹಚ್ಚಿ ಆದ ಮೇಲೆ, ಓಣಿಗೆಲ್ಲ ಹಿರಿಯ ನಾನು ಎಂಬ ಒಂದೇ ಅರ್ಹತೆಯ ಮೇಲೆ ನನ್ನನ್ನು ಕರೆದು ಮೊದಲು ಕೂಡಿಸಿದರು. ಸೀಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆದಿರಲಿಲ್ಲ. ಕುಳಿತರೆ ಚರಪರ ಸದ್ದು. ಬಾಗಿಲು ಹಾಕಿದ ಕೂಡಲೇ ಹೊಸ ಕಾರಿನ ಆ ವಾಸನೆ ಬಂತು. ರಬ್ಬರು, ಅಂಟು, ಯಾರೂ ಇನ್ನೂ ಉಟ್ಟಿರದ ಬಟ್ಟೆ ಎಲ್ಲ ಕೂಡಿದಂಥ ವಾಸನೆ. ಹೇಗನಿಸುತ್ತದೆ ಕಾಕಾ ಎಂದು ಅವರು ಮರಾಠಿಯಲ್ಲಿ ಕೇಳಿದರು. ಬಹಳ ಚಲೋ ಇದೆ ಎಂದೆ. ನಿಮಗೆ ಮಾತ್ರ ನಿಜ ಹೇಳುತ್ತೇನೆ, ನನ್ನ ಮನಸ್ಸು ಆ ಕಾರಿನಲ್ಲಿ ಇರಲೇ ಇಲ್ಲ. ಸುಮಾರು ನಲವತ್ತು ವರ್ಷದ ಹಿಂದೆ, ಬಾಗಿಲಿಗೆ ಬಂದಿದ್ದ ಒಂದು ಹೊಸ ಕಾರನ್ನು ನಾನು ಬೇಡವೆಂದು ಬಿಟ್ಟಿದ್ದೆ. ಮನಸ್ಸು ಅದರ ಕಡೆ ಹೋಗಿತ್ತು.

ಮೊದಲು ನನ್ನ ಸ್ವಭಾವ ಹೇಳಿಬಿಡಬೇಕು. ನಾನು ತೂಗಿ ನೋಡುವ ಮನುಷ್ಯ. ಪ್ರೆಶರ್ ಕುಕ್ಕರ್ ಕೊಳ್ಳುವುದಕ್ಕೆ ನಾಲ್ಕು ತಿಂಗಳು ತೆಗೆದುಕೊಂಡವನು. ಅಷ್ಟರಲ್ಲಿ ನನ್ನ ಹೆಂಡತಿ ಕಮಲಾ ಗದಗಿನ ತವರಿಗೆ ಹೋಗಿ, ಅಲ್ಲಿಂದಲೇ ಒಂದು ಕುಕ್ಕರ್ ತಂದು, ಬೇಳೆಗಿಟ್ಟು ಸೀಟಿ ಹೊಡೆಸಿದಳು. ಆ ಸೀಟಿ ಕೇಳಿದ ಮೇಲೂ ನಾನು ಸಂಜೆ ಇನ್ನೊಂದು ಅಂಗಡಿಗೆ ವಿಚಾರಿಸಲು ಹೋಗಿದ್ದೆ. ಅಂಥವನ ಹಣೆಯಲ್ಲಿ ಕಾರು ಕೊಳ್ಳುವ ಯೋಗ ಬರೆದರೆ ಏನಾಗಬೇಕು?

ಆಗ ನಾವು ನಾಗಪುರದ ಇದೇ ಬಜಾಜ್ ನಗರದಲ್ಲಿ ಬಾಡಿಗೆಗೆ ಇದ್ದೆವು. ನನ್ನದು ಸರ್ಕಾರಿ ನೌಕರಿ. ಮನೆಯಲ್ಲಿ ಮೂರು ಜನ: ನಾನು, ಕಮಲಾ, ನಮ್ಮ ಒಬ್ಬಳೇ ಮಗಳು ಮಂದಾಕಿನಿ. ಎಲ್ಲರಿಗೂ ಅವಳು ಮಂದಾ. ಎರಡು ವರ್ಷದ ಕೂಸಿದ್ದಾಗ ಪೋಲಿಯೋ ಬಂದು ಅವಳ ಎಡಗಾಲಿನ ಬಲ ಹೋಗಿತ್ತು. ತೊಡೆಯಿಂದ ಪಾದದವರೆಗೆ ಕಬ್ಬಿಣದ ಪಟ್ಟಿ, ಚರ್ಮದ ಬೆಲ್ಟು, ಕೆಳಗೆ ದಪ್ಪ ಬೂಟು. ಬಲಗಾಲು ಮಾತ್ರ ಎರಡೂ ಕಾಲಿನ ಕೆಲಸ ಮಾಡಿ ಮಾಡಿ ಕಂಬದಂತೆ ಗಟ್ಟಿಯಾಗಿತ್ತು. ಆ ವರ್ಷ ಅವಳು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದಳು. ಬಸ್ಸು ಹತ್ತಲು ಆಗದು, ಹಾಗಾಗಿ ನಾನೇ ಸ್ಕೂಟರಿನ ಮೇಲೆ ಕಾಲೇಜಿಗೆ ಬಿಟ್ಟು ಆಫೀಸಿಗೆ ಹೋಗುತ್ತಿದ್ದೆ. ಪಟ್ಟಿ ಕಟ್ಟಿದ ಕಾಲು ಮಡಚುತ್ತಿರಲಿಲ್ಲ, ಪಕ್ಕಕ್ಕೆ ಚಾಚಿಕೊಂಡೇ ಇರುತ್ತಿತ್ತು. ಎದುರು ಬರುವ ಸೈಕಲ್ಲಿನವರೆಲ್ಲ ನಮ್ಮನ್ನು ದೂರದಿಂದಲೇ ಗುರುತಿಸಿ ಸರಿಯುತ್ತಿದ್ದರು.

ಒಂದು ಮಳೆಗಾಲದ ಬೆಳಿಗ್ಗೆ ಚೌಕದಲ್ಲಿ ಸ್ಕೂಟರ್ ಜಾರಿ ಇಬ್ಬರೂ ಬಿದ್ದೆವು. ನನಗೆ ಮೊಣಕೈ ತರಚಿತು. ಅವಳಿಗೆ ಪೆಟ್ಟಾಗಲಿಲ್ಲ, ಆದರೆ ಕಾಲಿನ ಪಟ್ಟಿ ಬಾಗಿಹೋಯಿತು. ಅದು ರಿಪೇರಿಯಾಗಿ ಬರುವ ತನಕ ಎರಡು ವಾರ ಅವಳು ಮನೆಯಲ್ಲೇ ಕುಳಿತಳು. ಪ್ರಾಕ್ಟಿಕಲ್ ತಪ್ಪಿದವು. ಅವಳು ಅಳಲಿಲ್ಲ, ದೂರಲೂ ಇಲ್ಲ, ಕಿಟಕಿಯ ಹತ್ತಿರ ಪುಸ್ತಕ ಹಿಡಿದು ಕುಳಿತಿದ್ದಳು. ಹದಿನೈದನೆಯ ದಿನ ಕಮಲಾ ನನ್ನ ಮುಂದೆ ಚಹಾ ಇಟ್ಟು ಹೇಳಿದಳು: "ಇನ್ನ ಈ ಸ್ಕೂಟರ್ ಸಾಕ್ರಿ. ಕಾರಿನ ವಿಚಾರ ಎರಡು ವರ್ಷ ಮಾಡೀರಿ. ಈಗ ಕಾರು ಮಾಡ್ರಿ."

ಹೌದು, ವಿಚಾರ ನಡೆದೇ ಇತ್ತು. ಹೊಸ ಸಣ್ಣ ಕಾರುಗಳು ರಸ್ತೆಗೆ ಬರತೊಡಗಿದ್ದ ಕಾಲ ಅದು. ದೇಶಕ್ಕೆ ದೇಶವೇ ಹೆಸರು ಬರೆಸಿ ಸರದಿಗೆ ಕಾಯುತ್ತಿತ್ತು, ನಾನೂ ಬರೆಸಿದ್ದೆ. ಸರದಿ ಯಾವಾಗ ಬಂದೀತೆಂದು ಯಾರಿಗೂ ಗೊತ್ತಿರಲಿಲ್ಲವಾದ್ದರಿಂದ ನನ್ನಂಥವನಿಗೆ ಅದು ಬಹಳ ಅನುಕೂಲದ ವ್ಯವಸ್ಥೆ. ನಿರ್ಧಾರ ಮಾಡಿದಂತೆಯೂ ಆಯಿತು, ಮಾಡದಂತೆಯೂ ಆಯಿತು.

ಕಮಲಾಳ ಮಾತಿನ ಮರುದಿನದಿಂದ ನಾನು ಹಳೆಯ ಕಾರುಗಳನ್ನೂ ನೋಡತೊಡಗಿದೆ. ವಾಯುಸೇನೆಯಲ್ಲಿದ್ದ ಮೈಸೂರು ಕಡೆಯ ಒಬ್ಬ ಅಧಿಕಾರಿಗೆ ಅಸ್ಸಾಮಿಗೆ ವರ್ಗವಾಗಿ, ಅವರು ಕಾರು ಮಾರುತ್ತಾರೆಂದು ತಿಳಿದು ಹೋದೆ. ಬೂದು ಬಣ್ಣದ, ಗುಂಡು ದೀಪಗಳ, ಹತ್ತು ವರ್ಷದ ಕಾರು. ಗೇರಿನ ದಂಡ ಸ್ಟೀರಿಂಗಿನ ಎಡಗಡೆಗೇ ಇತ್ತು. ಅಧಿಕಾರಿ ಅದರ ಗುಣಕ್ಕಿಂತ ಹೆಚ್ಚಾಗಿ ದೋಷಗಳನ್ನೇ ಹೇಳಿದರು. ಚಳಿಯಲ್ಲಿ ಬೇಗ ಶುರುವಾಗುವುದಿಲ್ಲ, ಹಿಂದಿನ ಎಡ ಬಾಗಿಲನ್ನು ಎರಡು ಸಲ ಹಾಕಬೇಕು, ಆದರೆ ಎಂಜಿನ್ ಮಾತ್ರ ನಂಬಬಹುದು. ಅವರ ಹೆಂಡತಿ ಕೊಟ್ಟ ಕಾಫಿ ಕುಡಿದು, ಆಲೋಚಿಸಿ ತಿಳಿಸುತ್ತೇನೆಂದು ಹೇಳಿ ಬಂದೆ. ಆ ವಾಕ್ಯವನ್ನು ನನ್ನಷ್ಟು ಸಲ ಹೇಳಿದವರು ನಾಗಪುರದಲ್ಲಿ ಬೇರೆ ಇರಲಿಕ್ಕಿಲ್ಲ.

ನನ್ನ ದೈವವೂ ಚೇಷ್ಟೆಯದ್ದು. ಅದೇ ವಾರ ಹೊಸ ಕಾರಿನ ಡೀಲರಿಂದ ಪತ್ರ ಬಂತು. ನಿಮ್ಮ ಸರದಿ ಬಂದಿದೆ, ಹದಿನೈದು ದಿನದಲ್ಲಿ ಬೇಕೋ ಬೇಡವೋ ತಿಳಿಸಿ ಎಂದು. ಅಲ್ಲಿ ಅಧಿಕಾರಿಗೂ ಊರು ಬಿಡಲು ಅಷ್ಟೇ ದಿನ ಉಳಿದಿದ್ದವು. ಎರಡು ಬಾಗಿಲು ಒಟ್ಟಿಗೇ ತೆರೆದವು, ಎರಡೂ ಒಟ್ಟಿಗೇ ಮುಚ್ಚುವಂಥವು.

ನಾನು ಒಂದು ನೋಟುಬುಕ್ಕು ಮಾಡಿದೆ. ಎಡಪುಟದಲ್ಲಿ ಹೊಸದರ ಗುಣ, ಬಲಪುಟದಲ್ಲಿ ಹಳೆಯದರ ಗುಣ. ಎಡಪುಟ ತುಂಬಿಹೋಯಿತು, ಬಲಪುಟದಲ್ಲಿ ನಾಲ್ಕೇ ಸಾಲು. ಆಫೀಸಿನಲ್ಲಿ ಮಧ್ಯಾಹ್ನದ ಡಬ್ಬಿ ಬಿಚ್ಚಿದರೆ ಇದೇ ಚರ್ಚೆ. ಸೆಕೆಂಡ್ ಹ್ಯಾಂಡ್ ಕಾರೆಂದರೆ ಇನ್ನೊಬ್ಬರ ತಲೆನೋವನ್ನು ಕೊಂಡು ತರುವುದು ಎಂದು ಹೆಚ್ಚಿನವರ ತೀರ್ಪು. ಸರದಿ ಬಂದಾಗ ಬಿಡುವವನು ಹುಚ್ಚ ಎಂದು ನಮ್ಮ ಹೆಡ್ ಕ್ಲಾರ್ಕ್ ಸ್ಪಷ್ಟವಾಗಿಯೇ ಹೇಳಿದರು. ನನಗೂ ಹಾಗೇ ಅನಿಸಿತ್ತು. ಬೆಳಿಗ್ಗೆ ಮೈದಾನದಲ್ಲಿ ಡ್ರೈವಿಂಗ್ ಕಲಿಯಲು ಸೇರಿಕೊಂಡಿದ್ದೆ. ಹೊಸ ಕಾರಿನಲ್ಲಿ ಮಗಳನ್ನು ಕಾಲೇಜಿನ ಮೆಟ್ಟಿಲ ತನಕ ಒಯ್ದು ಇಳಿಸುವ ಅಪ್ಪನ ಚಿತ್ರ ನನ್ನ ತಲೆಯಲ್ಲಿ ಬಣ್ಣ ಸಮೇತ ಸಿದ್ಧವಾಗಿತ್ತು. ಕಲಿಸುವವನು ನನ್ನ ಬಗ್ಗೆ ಏನೂ ಹೇಳುತ್ತಿರಲಿಲ್ಲ, ಆದರೆ ಮೂರನೆಯ ದಿನದಿಂದ ಕೈಬ್ರೇಕ್ ಮೇಲೆ ಕೈ ಇಟ್ಟೇ ಕೂಡುತ್ತಿದ್ದ.

ಪತ್ರಕ್ಕೆ ಉತ್ತರ ಬರೆಯಲು ಎರಡು ದಿನ ಉಳಿದಾಗ, ಸಂಜೆ ಮೂವರೂ ಕುಳಿತೆವು. ಹೊಸದೇ ತರೋಣ ಎಂದು ನಾನು ಘೋಷಿಸಿದೆ. ಜೀವನದಲ್ಲಿ ನಾನಾಗಿ ಮಾಡಿದ ಮೊದಲ ದೊಡ್ಡ ತೀರ್ಮಾನ; ಚಪ್ಪಾಳೆ ಬೀಳಬಹುದೆಂದು ಒಂದು ಗಳಿಗೆ ಸುಮ್ಮನಿದ್ದೆ. ಮಂದಾ ಒಳಗೆ ಹೋಗಿ ತನ್ನ ಫಿಸಿಕ್ಸ್ ರೆಕಾರ್ಡ್ ತಂದಳು. ಕೊನೆಯ ಪುಟದಲ್ಲಿ ಪೆನ್ಸಿಲಿನಿಂದ ಒಂದು ಚಿತ್ರ ಬಿಡಿಸಿದ್ದಳು: ಸ್ಟೀರಿಂಗು, ಗೇರಿನ ದಂಡ, ಅದರ ಕೆಳಗೆ ಇನ್ನೊಂದು ಉದ್ದ ದಂಡ, ಅದರಿಂದ ಕ್ಲಚ್ಚಿನ ತನಕ ಇಳಿದ ಒಂದು ತಂತಿ.

ನಿಧಾನವಾಗಿ ವಿವರಿಸಿದಳು. ಬ್ರೇಕಿಗೂ ಎಕ್ಸಲರೇಟರಿಗೂ ಬಲಗಾಲು ಸಾಕು, ಅದು ಅವಳಿಗೆ ಇದೆ. ಎಡಗಾಲು ಬೇಕಾಗುವುದು ಕ್ಲಚ್ಚಿಗೆ ಮಾತ್ರ. ಸ್ಕೂಟರಿನಲ್ಲಿ ಕ್ಲಚ್ ಎಡಗೈಯಲ್ಲೇ ಇರುವುದಿಲ್ಲವೇ? ಕಾರಿನಲ್ಲೂ ಕೈಗೇ ತಂದುಕೊಂಡರೆ ಆಯಿತು. ಕಿಟಕಿಯ ಹತ್ತಿರ ಕುಳಿತ ಆ ಎರಡು ವಾರ ಅವಳು ಓದಿದ್ದು ಪರೀಕ್ಷೆಗೆ ಅಲ್ಲ ಎಂದು ನನಗೆ ಆಗ ತಿಳಿಯಿತು. ಹಳೆಯ ಪೇಟೆಯ ಕಡೆ, ಮಹಾಲದ ಗಲ್ಲಿಯಲ್ಲಿ ವಾಮನರಾವ್ ಎಂಬ ಸ್ಕೂಟರ್ ಮೆಕ್ಯಾನಿಕ್ ಇದ್ದರು. ಕಾಲಿಲ್ಲದವರ ಸ್ಕೂಟರಿಗೆ ಹಿಂದೆ ಎರಡು ಚಕ್ರ ಜೋಡಿಸಿ ಕೊಡುತ್ತಿದ್ದರು. ಗೆಳತಿಯೊಂದಿಗೆ ಸೈಕಲ್ ರಿಕ್ಷಾದಲ್ಲಿ ಹೋಗಿ ಅವರಿಗೆ ಈ ಚಿತ್ರ ತೋರಿಸಿಯೂ ಬಂದಿದ್ದಳು. ಹೊಸ ಕಾರನ್ನು ಕೊಯ್ಯುವ ಧೈರ್ಯ ತನಗಿಲ್ಲ, ಗೇರು ಸ್ಟೀರಿಂಗಿನ ಪಕ್ಕದಲ್ಲೇ ಇರುವ ಹಳೆಯ ಕಾರು ತಂದರೆ ಪ್ರಯತ್ನ ಮಾಡುತ್ತೇನೆ ಎಂದಿದ್ದರಂತೆ ಅವರು.

ನಾನು ನೋಟುಬುಕ್ಕು ಮುಂದೆ ಸರಿಸಿ, ಹೊಸ ಕಾರಿನಲ್ಲಿ ನಾನೇ ದಿನಾ ಒಯ್ದು ಬಿಡುತ್ತೇನಲ್ಲ ಎಂದೆ.

ಮಂದಾ ನನ್ನ ಮುಖ ನೋಡಿದಳು. "ಅಪ್ಪಾ, ನನ್ನನ್ನ ಯಾರಾರ ಒಯ್ಯೋ ಗಾಡಿ ಬ್ಯಾಡ. ನಾ ನಡಸೋ ಗಾಡಿ ಬೇಕು."

ಕಮಲಾ ಎದ್ದು ದೀಪ ಹಚ್ಚಿದಳು. ನನ್ನ ನೋಟುಬುಕ್ಕಿನ ಎರಡೂ ಪುಟಗಳಲ್ಲಿ ಆ ಒಂದು ಸಾಲು ಎಲ್ಲಿಯೂ ಇರಲಿಲ್ಲ. ಮರುದಿನ ಬೆಳಿಗ್ಗೆ ಡೀಲರಿಗೆ ಬೇಡವೆಂದು ಬರೆದು ಹಾಕಿದೆ. ಅಂಚೆಡಬ್ಬಿಯ ಬಾಯಿಯಲ್ಲಿ ಕೈ ಸ್ವಲ್ಪ ಹೊತ್ತು ನಿಂತಿತ್ತು, ಸುಳ್ಳು ಹೇಳುವುದಿಲ್ಲ. ಸಂಜೆ ಬೂದು ಕಾರು ನಮ್ಮ ಮನೆಯ ಮುಂದೆ ಬಂದು ನಿಂತಿತು. ಹಿಂದಿನ ಎಡ ಬಾಗಿಲನ್ನು ಎರಡು ಸಲ ಹಾಕಿದೆವು.

ಆಫೀಸಿನಲ್ಲಿ ನನ್ನನ್ನು ನೋಡಿ ನಕ್ಕದ್ದು ಒಂದೆರಡು ದಿನವಲ್ಲ. ಅತ್ತ ಮಹಾಲದಲ್ಲಿ ವಾಮನರಾವ್ ಮಾಡಿದ ಮೊದಲ ತಂತಿ ಒಂದೇ ದಿನಕ್ಕೆ ಕಡಿಯಿತು. ಕಾರಿನ ಕ್ಲಚ್ ಸ್ಕೂಟರಿನದರಷ್ಟು ಹಗುರವಲ್ಲ. ಎರಡನೆಯ ಸಲ ದಪ್ಪ ತಂತಿ ಹಾಕಿದರು. ಕಡಿಯಲಿಲ್ಲ, ಆದರೆ ದಂಡ ಒತ್ತಲು ಪೈಲ್ವಾನನ ಕೈ ಬೇಕಿತ್ತು. ನಾನು ಒತ್ತಲು ಹೋಗಿ ಭುಜ ಹಿಡಿಸಿಕೊಂಡೆ. ವಾಮನರಾವ್ ಬೀಡಿ ಆರಿಸಿ, ಇನ್ನು ಸಾಕು ಎಂಬಂತೆ ಎದ್ದು ನಿಂತರು. ಆಗ ಮಂದಾ ದಂಡವನ್ನು ಇನ್ನೊಂದು ಗೇಣು ಉದ್ದ ಮಾಡಿ ಎಂದಳು. ಮೀಟುಗೋಲು ಉದ್ದವಾದಷ್ಟೂ ಬಲ ಕಡಿಮೆ ಸಾಕಲ್ಲವೇ? ಅವರು ಒಂದು ಹಳೆಯ ಸೈಕಲ್ಲಿನ ಕೊಳವೆ ಕತ್ತರಿಸಿ ಬೆಸೆದರು. ಮೂರನೆಯ ಸಲ ಮಂದಾ ಎಡ ಅಂಗೈಯಿಂದ ದಂಡ ಒತ್ತಿ, ಅದೇ ಕೈಯ ಬೆರಳಿನಿಂದ ಗೇರು ಹಾಕಿದಳು. ಕಾರು ಆ ಗಲ್ಲಿಯಲ್ಲಿ ಎರಡು ಮಾರು ಮುಂದೆ ಸರಿಯಿತು. ಪಕ್ಕದ ವಾಡೆಯ ಮಾಳಿಗೆಯಿಂದ ನೋಡುತ್ತಿದ್ದ ಹೆಂಗಸರು ತಾವೇ ಕಾರು ಮಾಡಿದಂತೆ ನಕ್ಕರು.

ಕಲಿಸಿದ್ದೂ ವಾಮನರಾವ್ ಅವರೇ. ಭಾನುವಾರ ಬೆಳಿಗ್ಗೆ ಊರ ಹೊರಗೆ ವಾಡಿಯ ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ. ಮೊದಲ ದಿನ ನಾನೂ ಹಿಂದೆ ಕುಳಿತಿದ್ದೆ. ಅರ್ಧ ತಾಸಿನಲ್ಲಿ ನಲವತ್ತು ಸಲವಾದರೂ ಬ್ರೇಕ್ ಬ್ರೇಕ್ ಎಂದು ಕೂಗಿದೆನಂತೆ. ಎರಡನೆಯ ಭಾನುವಾರದಿಂದ ನನ್ನನ್ನು ಲಾರಿಯವರ ಚಹಾದಂಗಡಿಯಲ್ಲಿ ಇಳಿಸಿ ಹೋಗತೊಡಗಿದರು. ನನ್ನ ಜಾಗದಲ್ಲಿ ಕಮಲಾ ಕುಳಿತಳು. ಅವಳು ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದಳು, ಆದರೆ ಬಾಯಿಯನ್ನೂ ಮುಚ್ಚಿಕೊಂಡಿರುತ್ತಿದ್ದಳು.

ಇನ್ನು ಉಳಿದದ್ದು ಲೈಸೆನ್ಸ್. ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಡಾಕ್ಟರ ಕಾಗದ ನೋಡಿದರು, ಬಗ್ಗಿ ದಂಡ ನೋಡಿದರು, ಮಂದಾಳ ಬೂಟು ನೋಡಿದರು. ಇಂಥ ಗಾಡಿ ತಾನು ಕಂಡಿಲ್ಲ, ಸಪಾಟು ರಸ್ತೆಯ ಪರೀಕ್ಷೆ ಇದಕ್ಕೆ ಸಾಲದು ಎಂದು ಸೆಮಿನರಿ ಹಿಲ್ಸ್ ಕಡೆಗೆ ಕರೆದೊಯ್ದರು. ಏರು ಶುರುವಾಗುವಲ್ಲಿ ನನ್ನನ್ನು ಇಳಿಸಿದರು. ಅರ್ಧ ಏರಿನಲ್ಲಿ ಕಾರು ನಿಲ್ಲಿಸಲು ಹೇಳಿ, ತಾವೂ ಇಳಿದು, ಹಿಂದಿನ ಚಕ್ರದ ಹಿಂಬದಿಗೆ ತಾಗುವಂತೆ ಒಂದು ಬೆಂಕಿಪೊಟ್ಟಣ ಇಟ್ಟರು. ಈಗ ಹೊರಡಬೇಕು, ಪೊಟ್ಟಣ ಚಪ್ಪಟೆಯಾಗಬಾರದು.

ಎರಡೂ ಕಾಲಿದ್ದವರೇ ಅಲ್ಲಿ ಹಿಂದಕ್ಕೆ ಜಾರುತ್ತಾರೆ. ನಾನು ಕೆಳಗೆ ರಸ್ತೆಯ ಪಕ್ಕದಲ್ಲಿ ನಿಂತು ನೋಡಿದೆ. ಕನ್ನಡಿಯಲ್ಲಿ ಅವಳ ಹಣೆ ಕಾಣುತ್ತಿತ್ತು. ಬಲಗಾಲಿನ ಹಿಮ್ಮಡಿ ಬ್ರೇಕಿನ ಮೇಲೆ, ಬೆರಳು ಎಕ್ಸಲರೇಟರಿನ ಮೇಲೆ, ಹೀಗೆ ವಾಮನರಾವ್ ಕಲಿಸಿದ್ದರು. ಎಂಜಿನ್ನಿನ ದನಿ ಏರಿತು. ಕಾರು ಒಮ್ಮೆ ನಡುಗಿತು. ಆಮೇಲೆ ಕೂದಲೆಳೆಯಷ್ಟೂ ಹಿಂದೆ ಬಾರದೆ, ಮೇಲಕ್ಕೆ ಹೊರಟುಹೋಯಿತು. ಏರಿನ ತುದಿಯ ತಿರುವಿನಲ್ಲಿ ಬೂದು ಬಣ್ಣ ಒಂದು ಗಳಿಗೆ ಬಿಸಿಲಿಗೆ ಮಿಂಚಿ ಮರೆಯಾಯಿತು.

ಇನ್ಸ್‌ಪೆಕ್ಟರು ಬಗ್ಗಿ ಪೊಟ್ಟಣ ಎತ್ತಿಕೊಂಡು, ಅದರಿಂದಲೇ ಕಡ್ಡಿ ಗೀರಿ ಸಿಗರೇಟು ಹಚ್ಚಿದರು. ಇಳಿದು ಬಂದು ನನಗೆ ಹೇಳಿದರು: "ಪೋರಗಿ ಪಾಸ್. ತುಮ್ಹಾಲಾ ಯೇತೆ ಕಾ ಗಾಡಿ?" ಹುಡುಗಿ ಪಾಸು, ನಿಮಗೆ ಬರುತ್ತದೆಯೇ ಗಾಡಿ ಎಂದು. ಇಲ್ಲ ಎಂದೆ. ಅಷ್ಟು ಹೆಮ್ಮೆಯಿಂದ ನಾನು ಯಾವ ಪ್ರಶ್ನೆಗೂ ಇಲ್ಲ ಎಂದಿಲ್ಲ.

ಮರು ಸೋಮವಾರ ಕಾಲೇಜಿಗೆ ಮೊದಲ ಸಲ ಹೊರಟೆವು. ಜೊತೆಗಿರಲಿ ಎಂದು ನಾನೂ ಪಕ್ಕದ ಸೀಟಿನಲ್ಲಿ ಏರಿದ್ದೆ. ಗೇಟಿಗೆ ಇನ್ನೂ ನೂರು ಹೆಜ್ಜೆ ಇರುವಾಗ ಮಂದಾ ಕಾರನ್ನು ಬದಿಗೆ ತೆಗೆದುಕೊಂಡಳು. "ಅಪ್ಪಾ, ನೀವು ಇಲ್ಲೇ ಇಳೀರಿ. ಆಫೀಸಿಗೆ ಇಲ್ಲಿಂದ ಬಸ್ ಐತಿ." ಇಳಿದೆ. ಅವಳು ಒಬ್ಬಳೇ ಗೇಟು ದಾಟಿದಳು. ಸೈಕಲ್ ಹಿಡಿದ ಹುಡುಗರು, ಮೆಟ್ಟಿಲ ಮೇಲಿನ ಹುಡುಗಿಯರು, ಪ್ರಾಕ್ಟಿಕಲ್ ಕಲಿಸುವ ಮೇಷ್ಟ್ರು ಎಲ್ಲರೂ ತಿರುಗಿ ನೋಡಿದರು. ಹದಿನೇಳು ವರ್ಷ ಜನ ಅವಳ ಕಾಲನ್ನು ನೋಡಿದ್ದರು. ಅವತ್ತು ಯಾರೂ ಕಾಲು ನೋಡಲಿಲ್ಲ. ನಾನು ತುಂಬಿದ ಬಸ್ಸಿನ ಬಾಗಿಲಲ್ಲಿ ಜೋತು ಬಿದ್ದು ಆಫೀಸಿಗೆ ಹೋದೆ. ಹೆಡ್ ಕ್ಲಾರ್ಕ್ ಕಾರೆಲ್ಲಿ ಎಂದು ನಗುತ್ತ ಕೇಳಿದಾಗ, ಮಗಳು ಒಯ್ದಿದ್ದಾಳೆ ಎಂದೆ. ಆಮೇಲೆ ಅವರು ಆ ವಿಷಯಕ್ಕೆ ನಗಲಿಲ್ಲ.

ಆ ಕಾರು ಹದಿಮೂರು ವರ್ಷ ಓಡಿತು. ಮಂದಾ ಎಂ.ಎಸ್ಸಿ. ಮಾಡಿ, ಅಮರಾವತಿಯ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಕಲಿಸಿ, ಈಗ ನಿವೃತ್ತಿಯ ಹತ್ತಿರ ಬಂದಿದ್ದಾಳೆ. ಮೊನ್ನೆ ನಾನು ಮಹಡಿ ಹತ್ತಿ ಬಂದವನೇ ಅವಳಿಗೆ ಫೋನು ಮಾಡಿ, ಇಷ್ಟು ವರ್ಷ ಕೇಳದ ಒಂದು ಪ್ರಶ್ನೆ ಕೇಳಿದೆ. ಅವತ್ತು ಏರಿನ ಮೇಲೆ ನಿನಗೆ ಹೆದರಿಕೆ ಆಗಿತ್ತೇನವ್ವಾ ಎಂದು.

"ಏರಿನ ಹೆದರಿಕಿ ಇರಲಿಲ್ಲಪಾ," ಎಂದಳು. "ನೀವು ಕೆಳಗಿಂದ ಸಾಕು, ಮನೀಗೆ ಹೋಗೂಣು ಬಾ ಅಂತ ಎಲ್ಲಿ ಕೂಗ್ತೀರೋ ಅಂತ ಹೆದರಿದ್ದೆ. ಕನ್ನಡ್ಯಾಗ ನೋಡಿದೆ. ಸುಮ್ಮ ನಿಂತಿದ್ರಿ. ಅಪ್ಪಗ ನನ್ನ ಮ್ಯಾಲೆ ಇಷ್ಟು ನಂಬಿಕಿ ಐತಿ ಅಂದ್ರ ಇನ್ನೇನು ಅಂದು ದಂಡ ಬಿಟ್ಟೆ."

ಅವತ್ತು ನಾನು ಕೂಗಲು ಬಾಯಿ ತೆರೆದಿದ್ದೆ. ಅವಳು ಹೇಳಿದ ಅದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ದನಿ ಹೊರಡಲಿಲ್ಲ, ಅಷ್ಟೇ. ಇದನ್ನು ಅವಳಿಗೆ ಹೇಳಬೇಕೋ ಬೇಡವೋ? ಎಂಬತ್ತು ದಾಟಿದ ಈ ತೂಗುವ ಮನುಷ್ಯ ಈ ಸಲ ಒಂದು ಕ್ಷಣವನ್ನೂ ತೆಗೆದುಕೊಳ್ಳಲಿಲ್ಲ. "ಹೌದವ್ವಾ," ಎಂದೆ, "ನಂಬಿಕಿ ಇತ್ತು."