ಪ್ಲಮ್‌ಳ ಊಟ

ಏಪ್ರಿಲ್‌ನ ಒಂದು ಗುರುವಾರ, ಬೆಳಿಗ್ಗೆ ಎಂಟು ಗಂಟೆ ಹತ್ತು ನಿಮಿಷಕ್ಕೆ, ಎಲ್ಡನ್ ಕೊಸ್ಕಿ ಅಡುಗೆಮನೆಯಲ್ಲಿ ಫೋನನ್ನು ಕಿವಿಗೊತ್ತಿಕೊಂಡು, ಕಾಲಬಳಿ ಇದ್ದ ನಾಯಿ ಊಟದ ಚೀಲವನ್ನು ನೋಡುತ್ತ ನಿಂತಿದ್ದ. ಫೋನಿನಲ್ಲಿ ಅವನ ಆರೋಗ್ಯ ಖಾತೆಯ ಕಚೇರಿಯ ಸಂಗೀತ ಬರುತ್ತಿತ್ತು. ಕಿಟಕಿಯಾಚೆ ಅಮೆರಿಕದ ಡುಲುತ್ ಊರಿನ ಸರೋವರದ ಮೇಲೆ ಹಿಮಗಡ್ಡೆ ಇನ್ನೂ ಕರಗಿರಲಿಲ್ಲ.

ಅವನ ಹೆಂಡತಿ ಮಾರ್ವಾ ಫೆಬ್ರವರಿಯಲ್ಲಿ ತೀರಿಕೊಂಡಿದ್ದಳು. ಸಕ್ಕರೆ ಕಾಯಿಲೆ ಮೊದಲು ಅವಳ ಕಣ್ಣು ತೆಗೆದುಕೊಂಡಿತ್ತು, ಆಮೇಲೆ ಮೂತ್ರಪಿಂಡ. ಕಣ್ಣು ಹೋದ ಮೇಲೆ ಅವಳಿಗೆ ದಾರಿ ತೋರಿಸಲು ಬಂದವಳು ಪ್ಲಮ್, ಕಪ್ಪು ಲ್ಯಾಬ್ರಡಾರ್. ಮಾರ್ಚ್‌ನಲ್ಲೇ ಅವಳನ್ನು ಕಳಿಸಿದ್ದ ನಾಯಿ ತರಬೇತಿ ಶಾಲೆಯವರು ಎಲ್ಡನ್‌ಗೆ ಹೇಳಿದ್ದರು: ಬೇಕಿದ್ದರೆ ಪ್ಲಮ್‌ಳನ್ನು ಮನೆಯ ನಾಯಿಯಾಗಿ ಇಟ್ಟುಕೊಳ್ಳಬಹುದು. ಅಥವಾ ವಾಪಸ್ ಕೊಡಬಹುದು; ಅವಳಿನ್ನೂ ಚಿಕ್ಕವಳು, ಇಂಥ ನಾಯಿಗಾಗಿ ಕಾಯುತ್ತಿರುವ ಕುರುಡರು ಇದ್ದಾರೆ. ಎಲ್ಡನ್ ಉತ್ತರ ಕೊಟ್ಟಿರಲಿಲ್ಲ. ಆ ಮನೆಯಲ್ಲಿ ಅವನನ್ನು ಬಿಟ್ಟರೆ ಉಸಿರಾಡುವ ಜೀವ ಅದೊಂದೇ.

ನಾನು ಪಕ್ಕದ ಮನೆಯವನು. ಊರಿನ ನೀರು ಶುದ್ಧೀಕರಣ ಘಟಕದಲ್ಲಿ ನಾವಿಬ್ಬರೂ ಜೊತೆಗೆ ಕೆಲಸ ಮಾಡಿದವರು. ಸಂಬಳದಿಂದ ತೆರಿಗೆ ಮುರಿಯುವ ಮೊದಲೇ ಒಂದು ಪಾಲು ಆ ಆರೋಗ್ಯ ಖಾತೆಗೆ ಹೋಗುತ್ತಿತ್ತು. ಅದನ್ನು ಚಿಕಿತ್ಸೆಗೆ ಸೇರಿದ್ದಕ್ಕೆ ಮಾತ್ರ ಖರ್ಚು ಮಾಡಬೇಕು, ತಪ್ಪಿದರೆ ತೆರಿಗೆಯ ಜೊತೆಗೆ ದಂಡವೂ ಬೀಳುತ್ತದೆ. ಯಾವುದು ಸೇರುತ್ತದೆ, ಯಾವುದು ಸೇರುವುದಿಲ್ಲ ಎಂಬುದು ನಮಗೆಲ್ಲ ತಲೆನೋವು. ಆ ಗಂಡಹೆಂಡಿರಿಗೆ ಮಾತ್ರ ಅದು ಆಟವಾಗಿತ್ತು. ಅಂಗಡಿಯಲ್ಲಿ ಇವನು ಒಂದೊಂದೇ ಸಾಮಾನು ಎತ್ತಿ ಹೆಸರು ಓದುವುದು, ಅವಳು ನಾಯಿಯ ಎದೆಪಟ್ಟಿಯ ಹಿಡಿ ಹಿಡಿದು ನಿಂತಲ್ಲೇ ತೀರ್ಪು ಕೊಡುವುದು.

"ಗಾಯದ ಪಟ್ಟಿ?"

"ಸೇರತ್ತೆ."

"ಹಲ್ಲಿನ ಪೇಸ್ಟು?"

"ಸೇರಲ್ಲ."

"ಬಿಸಿಲಿಗೆ ಹಚ್ಚೋ ಕ್ರೀಮು?"

"ಸೇರತ್ತೆ. ಎಸ್‌ಪಿಎಫ್ ಹದಿನೈದಾದ್ರೂ ಇದ್ರೆ."

"ಕೋಳಿ ಸೂಪು?"

"ಸೇರಲ್ಲ ಕಣೋ."

"ನೆಗಡಿಗೆ ಕುಡಿದ್ರೂ?"

"ಸತ್ತೇ ಹೋಗ್ತೀನಿ ಅಂತ ಕುಡಿದ್ರೂ ಸೇರಲ್ಲ. ನಾಯಿ ಊಟ ಇಡು ಗಾಡಿಲಿ, ಅದು ಸೇರತ್ತೆ. ನಮ್ಮನೇಲಿ ಸರ್ಕಾರ ಒಪ್ಪಿರೋ ಊಟ ಪ್ಲಮ್‌ದೊಂದೇ."

ಅದು ನಿಜ. ಕುರುಡರಿಗೆ ದಾರಿ ತೋರಿಸುವ ನಾಯಿಯ ಊಟವೂ ಔಷಧಿಯೂ ಚಿಕಿತ್ಸೆಯ ಲೆಕ್ಕಕ್ಕೇ ಸೇರುತ್ತವೆ.

ಫೋನಿನ ಸಂಗೀತ ನಿಂತು ಒಬ್ಬ ಹುಡುಗಿ ಮಾತಾಡಿದಳು. ಎಲ್ಡನ್ ವಿಷಯ ಹೇಳಿ, ನಾಯಿ ಊಟದ ದುಡ್ಡು ಖಾತೆಯಿಂದ ಕೊಡಬಹುದೇ ಎಂದು ಕೇಳಿದ. ಅವಳು ಮೊದಲು ಮಾರ್ವಾಳಿಗಾಗಿ ಸಂತಾಪ ಹೇಳಿದಳು. ಆಮೇಲೆ ಕೇಳಿದಳು, "ಈ ಚೀಲ ತಗೊಂಡಿದ್ದು ಅವರು ಹೋದ ಮೇಲಾ ಸರ್?"

"ಹೌದು. ಅದೇ ನಾಯಿ, ಅದೇ ಊಟ."

"ಈಗ ಅದು ಯಾರಿಗೆ ದಾರಿ ತೋರಿಸ್ತಿದೆ?"

ಎಲ್ಡನ್ ಚೀಲದಾಚೆ ಮಲಗಿದ್ದ ಪ್ಲಮ್ ಕಡೆ ನೋಡಿದ.

"ಸರ್, ಇದೀರಾ?"

"ಇದೀನಮ್ಮ."

"ನಿಮಗೇನಾದ್ರೂ ಕಣ್ಣಿನ ತೊಂದರೆ..."

"ಇಲ್ಲ. ಕಾಣ್ಸತ್ತೆ. ಚೆನ್ನಾಗೇ ಕಾಣ್ಸತ್ತೆ."

"ಹಾಗಾದ್ರೆ ಸೇರಲ್ಲ ಸರ್. ಈಗದು ಸಾಕುನಾಯಿ. ಕ್ಷಮಿಸಿ."

ಚೀಲದ ಬೆಲೆ ಅವನಿಗೆ ಭಾರವಲ್ಲ. ಅವನಿಗೆ ನಾಟಿದ್ದು, ಈಗ ಅದು ಯಾರಿಗೆ ದಾರಿ ತೋರಿಸುತ್ತಿದೆ ಎಂಬ ಪ್ರಶ್ನೆ.

ಪ್ರತಿ ಗುರುವಾರ ಮಧ್ಯಾಹ್ನ ಗಂಡಹೆಂಡಿರು ಬೆಟ್ಟದ ಕೆಳಗಿನ ಕೆಫೆಯಲ್ಲಿ ಉಣ್ಣುವುದು ರೂಢಿಯಾಗಿತ್ತು. ಬಂದವರನ್ನು ಕೂರಿಸುವ ಡೆಲ್ಲಾ ಬಾಗಿಲಲ್ಲಿ ಮೆನು ಹಿಡಿದು "ಎಷ್ಟು ಜನ?" ಎಂದು ಎಲ್ಲರನ್ನೂ ಕೇಳುತ್ತಾಳೆ, ಅವಳ ಸ್ವಂತ ತಮ್ಮ ಬಂದರೂ ಕೇಳುತ್ತಾಳೆ. ಎಲ್ಡನ್ ಪ್ರತಿ ಸಲವೂ "ಎರಡೂವರೆ" ಎನ್ನುತ್ತಿದ್ದ. "ಆ ಅರ್ಧ ನೀನೇ ತಾನೆ?" ಎಂದು ಮಾರ್ವಾ ಪ್ರತಿ ಸಲವೂ ಚುಚ್ಚುತ್ತಿದ್ದಳು. ಅವಳು ಹೋದ ಮೇಲೂ ಅವನು ಪ್ಲಮ್‌ಗೆ ಎದೆಪಟ್ಟಿ ಕಟ್ಟಿ ಕರೆದೊಯ್ಯುತ್ತಿದ್ದ. ಪಟ್ಟಿ ಇಲ್ಲದ ನಾಯಿಗೆ ಅಲ್ಲಿ ಪ್ರವೇಶವಿಲ್ಲ. "ಒಂದೂವರೆ" ಎನ್ನುತ್ತಿದ್ದ. ಡೆಲ್ಲಾ ಬೇರೇನೂ ಕೇಳುತ್ತಿರಲಿಲ್ಲ.

ಆ ಗುರುವಾರವೂ ಹೊರಟ. ತಿರುವಿನಲ್ಲಿ ಪ್ಲಮ್ ಕಲಿತಂತೆ ರಸ್ತೆಯಂಚಿಗೆ ಬಂದು, ಅಪ್ಪಣೆಗೆ ಕಾದು ನಿಂತಳು. ಎರಡು ಕಡೆಯೂ ಒಂದೂ ಗಾಡಿಯಿಲ್ಲ. ಉಳಿದ ದಿನಗಳಲ್ಲಿ ಅವನು ನೋಡಿ, ನಡೆದುಬಿಡುತ್ತಿದ್ದ. ಅವಳು ಗಲಿಬಿಲಿಯಿಂದ ಹಿಂದೆ ಬರುತ್ತಿದ್ದಳು. ಇವತ್ತು ಅವನೂ ನಿಂತ. ಅವಳು ಕತ್ತೆತ್ತಿ ಅವನ ಮುಖ ನೋಡಿದಳು. ಗಾಳಿ ಸರೋವರದಿಂದ ಕೊರೆಯುತ್ತಿತ್ತು. ಅವಳು ಕದಲಲಿಲ್ಲ.

ಕೊನೆಗೆ ಅವನು ಕಣ್ಣು ಮುಚ್ಚಿ, ಮಾರ್ವಾ ಹೇಳುತ್ತಿದ್ದ ಧಾಟಿಯಲ್ಲೇ, "ಮುಂದೆ" ಎಂದ. ಪ್ಲಮ್ ಅವನನ್ನು ನೇರವಾಗಿ ಆಚೆ ದಾಟಿಸಿದಳು. ಕಣ್ಣು ಬಿಟ್ಟಾಗ ಅವಳ ಬಾಲ ಇಡೀ ಮೈಯನ್ನೇ ಅಲ್ಲಾಡಿಸುತ್ತಿತ್ತು.

ಸಂಜೆ ನಮ್ಮ ಬೇಲಿಯ ಹತ್ತಿರ ಬಂದು ಇದನ್ನೆಲ್ಲ ಹೇಳಿದ.

"ಸುಮ್ನೆ ಇಟ್ಕೋ ಮಾರಾಯ," ಎಂದೆ. "ಊಟದ ದುಡ್ಡು ಜೇಬಿಂದ ಕೊಟ್ರಾಯ್ತು. ಕೆಫೆಗೆ ಪಟ್ಟಿ ಕಟ್ಕೊಂಡು ಹೋಗು, ಡೆಲ್ಲಾ ಏನ್ ಕೇಳ್ತಾಳೆ?"

"ಡೆಲ್ಲಾ ಕೇಳಲ್ಲ," ಎಂದ ಎಲ್ಡನ್. "ಪ್ಲಮ್ ಕೇಳ್ತಾಳೆ. ಪ್ರತಿ ತಿರುವಲ್ಲೂ ನಿಂತು ಕೇಳ್ತಾಳೆ. ನಾನು ದಿನಾ ಕಣ್ಮುಚ್ಕೊಂಡು ನಡೀಲಾ?"

ಮರುದಿನ ಅವನು ಶಾಲೆಗೆ ಫೋನ್ ಮಾಡಿ, ಅವಳನ್ನು ವಾಪಸ್ ಕೊಡುತ್ತೇನೆ ಎಂದ.

ಸೋಮವಾರ ಶಾಲೆಯಿಂದ ಟಾಶಾ ಎಂಬ ತರಬೇತುದಾರಳು ಬಂದಳು. ಎಲ್ಡನ್ ಎದೆಪಟ್ಟಿಯನ್ನು ಎಣ್ಣೆ ಹಚ್ಚಿ ಒರೆಸಿಟ್ಟಿದ್ದ. ಪ್ಲಮ್ ವ್ಯಾನಿಗೆ ಹತ್ತಿದಳು, ಹಿಂದಿರುಗಿ ನೋಡಲಿಲ್ಲ. ಪಟ್ಟಿ ಕಟ್ಟಿದಾಗ ನೋಡಬಾರದು ಎಂದೇ ಅವಳಿಗೆ ಕಲಿಸಿರುವುದು. ಆಮೇಲೆ ಅವನು ಒಳಗೆ ಹೋಗಿ ಅರ್ಧ ಉಳಿದಿದ್ದ ಊಟದ ಚೀಲವನ್ನು ಹೊತ್ತು ತಂದ.

"ನಮ್ಮಲ್ಲಿ ಬೇಕಾದಷ್ಟಿದೆ, ಮಿಸ್ಟರ್ ಕೊಸ್ಕಿ," ಎಂದಳು ಟಾಶಾ.

"ಇರ್ಲಿ, ತಗೊಂಡ್ಹೋಗಮ್ಮ. ಅಲ್ಲಿ ಅದು ಸೇರತ್ತೆ."

ವ್ಯಾನು ಹೋಯಿತು. ಗುರುವಾರ ಕೆಫೆಗೆ ಜೊತೆಗೆ ಬರುತ್ತೇನೆಂದರೆ ಎಲ್ಡನ್ ಬೇಡವೆಂದ. ಮುಂದಿನದನ್ನು ಡೆಲ್ಲಾ ನನಗೆ ಹೇಳಿದ್ದು. ಅವನು ಬಾಗಿಲಿಗೆ ಬಂದಾಗ ಅವಳು ಅವನ ಮೊಣಕಾಲ ಪಕ್ಕದ ಖಾಲಿ ಜಾಗ ನೋಡಿದಳಂತೆ. ಏನೂ ಕೇಳದೆ ಒಂದು ಮೆನು ಎತ್ತಿಕೊಂಡು ಕಿಟಕಿಯ ಕಡೆ ನಡೆದಳಂತೆ. ಎಲ್ಡನ್ ಮಾತ್ರ ಬಾಗಿಲಲ್ಲೇ ನಿಂತಿದ್ದ.

"ಕೇಳು ಡೆಲ್ಲಾ."

"ಬಾ, ಕೂತ್ಕೋ, ಕಾಫಿ ತರ್ತೀನಿ."

"ಎಲ್ಲರನ್ನೂ ಕೇಳ್ತೀಯಲ್ಲ. ನನ್ನನ್ನೂ ಕೇಳು."

ಡೆಲ್ಲಾ ವಾಪಸ್ ಬಂದು ತನ್ನ ಜಾಗದಲ್ಲಿ ನಿಂತಳು. "ಎಷ್ಟು ಜನ?"

ಅವನು ಟೋಪಿ ತೆಗೆದು, ಕೆಫೆಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ ಹೇಳಿದನಂತೆ:

"ಒಂದು."