ಮಧ್ಯಾಹ್ನ ಬಾಗಿಲು ಮುಚ್ಚಿದ ಚರ್ಚು

ಇಂಗ್ಲೆಂಡಿನ ಒಂದು ಹಳ್ಳಿಯ ಬಗ್ಗೆ ನಾವು ಬರೆದದ್ದು ಚೆನ್ನೈನ ಪೆರುಂಗುಡಿಯ ಕಟ್ಟಡವೊಂದರ ಐದನೇ ಮಹಡಿಯಲ್ಲಿ ಕೂತು. ಆ ಹಳ್ಳಿಯನ್ನು ನಾನು ನೋಡಿಲ್ಲ. ನಮ್ಮ ಆಫೀಸಿನಲ್ಲಿ ಯಾರೂ ನೋಡಿಲ್ಲ.

ಪತ್ರಿಕೆಯೊಂದರ ಡೆಸ್ಕಿನಲ್ಲಿ ವರ್ಷಗಟ್ಟಲೆ ಕಂಡವರ ಕಾಪಿ ತಿದ್ದಿ ನಿವೃತ್ತನಾದವನು, ಕ್ರೋಂಪೇಟೆಯ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕೆಲಸಕ್ಕೆ ಸೇರಿದ್ದೆ. ಇಂಗ್ಲೆಂಡಿನ ಒಂದು ಸಂಸ್ಥೆ ಅಲ್ಲಿನ ಹಳ್ಳಿಮನೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತದೆ. ಪ್ರತಿ ಮನೆಗೂ ವೆಬ್‌ಸೈಟಿನಲ್ಲಿ ಒಂದು ಪುಟ. ಹತ್ತಿರ ಹಳೆಯ ಕೋಟೆ ಇದೆಯೇ, ಚರ್ಚು ಎಷ್ಟು ಪುರಾತನ, ಪಬ್ಬಿನಲ್ಲಿ ಊಟ ಸಿಗುತ್ತದೆಯೇ, ಇಂಥವನ್ನು ನಾವು ಬರೆಯಬೇಕು. ಚಿಕ್ಕವರು ಬರೆದದ್ದನ್ನು ತಿದ್ದಿ ಒಪ್ಪಿಗೆ ಕೊಡುವುದು ನನ್ನ ಕೆಲಸ.

ಈ ಹಳ್ಳಿಯ ಕೋಟೆ ಎಂದರೆ ಹುಲ್ಲು ಬೆಳೆದ ಒಂದು ದಿಬ್ಬ. ಚಿತ್ರದಲ್ಲಿ ಅದರ ಮೇಲೆ ಕುರಿಗಳು ಮೇಯುತ್ತಿದ್ದವು. ಅದನ್ನು ‘ಭವ್ಯ’ ಎಂದು ಕರೆಯಬೇಕೆಂದು ನಮ್ಮ ಟೀಮ್ ಲೀಡ್ ಹಟ ಹಿಡಿದ. ನನ್ನ ಮಗನಿಗಿಂತ ಚಿಕ್ಕವನು.

“ಸಾರ್, ದಿಬ್ಬ ಅಂತ ಬರೆದ್ರೆ ಯಾರು ಸಾರ್ ಹೋಗ್ತಾರೆ?”

“ಭವ್ಯ ಅಂತ ಬರೆದು, ಹೋದವರಿಗೆ ದಿಬ್ಬ ಕಂಡರೆ?”

ಅರ್ಧ ದಿನ ಇದರಲ್ಲೇ ಹೋಯಿತು. ದಿಬ್ಬ ದಿಬ್ಬವಾಗಿಯೇ ಉಳಿಯಿತು. ಗೆದ್ದ ಖುಷಿಯಲ್ಲಿ ಚರ್ಚಿನ ಸಮಯವಿದ್ದ ಸಾಲಿನ ಮೇಲೆ ಕಣ್ಣಾಡಿಸಿ ಮುಂದೆ ಹೋದೆ. ಒಪ್ಪಿಗೆಯ ಗುಂಡಿ ಒತ್ತಿದ್ದು ನಾನೇ.

ಎರಡು ತಿಂಗಳ ನಂತರ ಆ ಹಳ್ಳಿಯ ಮಹಿಳೆಯೊಬ್ಬರು ಬರೆದ ಪತ್ರ ನಮ್ಮವರೆಗೆ ಬಂತು. ವಯಸ್ಸಾದವರು, ಚರ್ಚನ್ನು ನೋಡಿಕೊಳ್ಳುವವರು. ವಿಷಯ ಇಷ್ಟು: ‘ನಮ್ಮ ಚರ್ಚು ಹನ್ನೆರಡರಿಂದ ನಾಲ್ಕರವರೆಗೆ ಮುಚ್ಚಿರುತ್ತದೆ ಎಂದು ನೀವು ಬರೆದಿದ್ದೀರಿ. ವಾರದ ದಿನಗಳಲ್ಲಿ ಅದು ತೆರೆದಿರುವುದೇ ಹನ್ನೆರಡರಿಂದ ನಾಲ್ಕರವರೆಗೆ. ಆ ಹೊತ್ತು ನಾನು ಒಳಗೆ ಕೂತಿರುತ್ತೇನೆ. ಈ ಬೇಸಿಗೆಯಲ್ಲಿ ಹೆಚ್ಚು ಜನ ಬಂದಿಲ್ಲ. ಯಾರೂ ಬಾರದ ಮೇಲೆ ಬಾಗಿಲು ಯಾಕೆ ತೆರೆಯಬೇಕು ಎಂದು ಸಮಿತಿಯವರು ಕೇಳುತ್ತಿದ್ದಾರೆ. ತಿಂಗಳ ಕೊನೆಯ ಭಾನುವಾರ ತೀರ್ಮಾನ ಮಾಡುತ್ತಾರೆ. ಅಷ್ಟರಲ್ಲಿ ದಯವಿಟ್ಟು ಸರಿಪಡಿಸಿ.’

ಭಾನುವಾರಕ್ಕೆ ಇನ್ನೂ ಹನ್ನೆರಡು ದಿನ ಇತ್ತು.

ತಪ್ಪು ಎಲ್ಲಿಂದ ಬಂತೆಂದು ಹುಡುಕಿದೆ. ನಮ್ಮ ಆಫೀಸು ಈ ಪುಟಗಳಿಗೆ ಬಳಸುವ ನಮೂನೆಯನ್ನು ಮೊದಲು ತಮಿಳುನಾಡಿನ ದೇವಸ್ಥಾನಗಳಿಗಾಗಿ ಮಾಡಿದ್ದರು. ‘ಪೂಜಾಸ್ಥಳ’ ಎಂದು ಆರಿಸಿದರೆ ಬೆಳಿಗ್ಗೆ ಆರರಿಂದ ಹನ್ನೆರಡು, ಸಂಜೆ ನಾಲ್ಕರಿಂದ ಎಂಟು ಎಂದು ತಾನಾಗಿಯೇ ತುಂಬಿಕೊಳ್ಳುತ್ತಿತ್ತು. ಈ ಪುಟ ಬರೆದವಳು ನೋಡಿದ್ದಳು, ನಾನು ನೋಡಿದ್ದೆ, ಗುಣಮಟ್ಟ ನೋಡುವವರೂ ನೋಡಿದ್ದರು. ಯಾರಿಗೂ ಅನುಮಾನ ಬರಲಿಲ್ಲ. ಮಧ್ಯಾಹ್ನ ದೇವರು ವಿಶ್ರಾಂತಿ ಪಡೆಯುವುದು ನಮಗೆಲ್ಲ ಅಷ್ಟು ಸಹಜ.

ಬರೆದವಳು ನಮ್ಮ ಕಡೆಯ ಹುಡುಗಿಯೇ. ತಂದೆ ರೈಲ್ವೆಯಲ್ಲಿದ್ದರು, ಮನೆಯಲ್ಲಿ ಧಾರವಾಡದ ಕನ್ನಡ. ನಾನು ಕನ್ನಡದಲ್ಲಿ ಕೇಳಿದರೆ ಅವಳು ಉತ್ತರಿಸುವುದು ತಮಿಳಿನಲ್ಲಿ.

“ಏನಮ್ಮಾ ಇದು?”

“ಕೋಯಿಲ್ ತಾನೇ ಅಂಕಲ್, ಮದ್ಯಾನಂ ಮೂಡುವಾಂಗಲ್ಲ?” ಗುಡಿ ಅಂದ ಮೇಲೆ ಮಧ್ಯಾಹ್ನ ಮುಚ್ಚುತ್ತಾರಲ್ಲ ಎಂಬುದು ಅವಳ ಸಮಾಧಾನ. ಆಮೇಲೆ ಪತ್ರ ಓದಿದಳು. “ಅಯ್ಯೋ, ಆ ಅಜ್ಜಿ ದಿನಾ ಒಬ್ಬರೇ ಕೂತಿದ್ರಾ?” ಎಂದಳು, ಕನ್ನಡದಲ್ಲಿ.

ಪತ್ರಿಕೆಯಲ್ಲಾಗಿದ್ದರೆ ಮರುದಿನ ಒಂದು ತಿದ್ದುಪಡಿ ಹಾಕಿ ಮುಗಿಸುತ್ತಿದ್ದೆವು. ಇಲ್ಲಿ ಒಂದು ಅಂಕೆ ಬದಲಿಸಲೂ ಕಂಪ್ಯೂಟರಿನಲ್ಲಿ ಅರ್ಜಿ ಹಾಕಬೇಕು. ಅದರಲ್ಲಿ ಎರಡು ದಾರಿ. ‘ತಪ್ಪು’ ಎಂದು ಗುರುತಿಸಿದರೆ ಅಂದೇ ಸರಿಯಾಗುತ್ತದೆ, ಆದರೆ ಇಡೀ ತಂಡದ ಅಂಕ ಇಳಿಯುತ್ತದೆ. ‘ಸುಧಾರಣೆ’ ಎಂದು ಗುರುತಿಸಿದರೆ ಅಂಕ ಇಳಿಯುವುದಿಲ್ಲ. ಅರ್ಜಿ ಸಾಲಿನಲ್ಲಿ ನಿಲ್ಲುತ್ತದೆ.

“ತಪ್ಪು ಅಂತಲೇ ಹಾಕು. ನನ್ನ ಹೆಸರಿನಲ್ಲಿ ಹಾಕು,” ಎಂದು ಟೀಮ್ ಲೀಡ್‌ಗೆ ಹೇಳಿದೆ.

“ಸಾರ್, ಟೆನ್ಷನ್ ಬೇಡ. ನಾನು ನೋಡ್ಕೋತೀನಿ.”

ಮೂರನೇ ದಿನ ಕೇಳಿದೆ. ಆಗುತ್ತಿದೆ ಎಂದ. ಆರನೇ ದಿನವೂ ಅದನ್ನೇ ಹೇಳಿದ. ಒಂಬತ್ತನೇ ದಿನ ನಾನೇ ತೆಗೆದು ನೋಡಿದೆ. ‘ಸುಧಾರಣೆ’ ಎಂದಿತ್ತು.

“ಏನಪ್ಪಾ ಇದು? ಮುಚ್ಚಿದೆ ಅಂತ ಬರೆದಿದ್ದೀವಿ, ಅದು ತೆರೆದಿದೆ. ಇದು ಸುಧಾರಣೆಯಾ?”

“ಮುಂಚೆಗಿಂತ ಚೆನ್ನಾಗಿರುತ್ತೆ ಅಲ್ವಾ ಸಾರ್? ಅದೇ ಸುಧಾರಣೆ.” ಅವನು ತಮಾಷೆ ಮಾಡುತ್ತಿರಲಿಲ್ಲ. “ಯಾರೋ ಒಬ್ಬ ಪಾಟಿಗೋಸ್ಕರ ಇಷ್ಟು ಜನರ ಅಂಕ ಕಳೀಬೇಕಾ ಸಾರ್?”

ಪಾಟಿ ಎಂದರೆ ಅಜ್ಜಿ. ಅವನ ಮಾತಿಗೆ ಏನು ಹೇಳಿದೆನೋ ಬರೆಯುವುದಿಲ್ಲ. ಮೇಲಿನವರ ತನಕ ಹೋದೆ. ಸಾಲಿನಲ್ಲಿ ನಿಂತ ಅರ್ಜಿಯನ್ನು ಹಿಂದೆ ಪಡೆಯುವಂತಿಲ್ಲ, ಅದು ಇರುವಾಗ ಇನ್ನೊಂದನ್ನು ಹಾಕುವಂತಿಲ್ಲ ಎಂದು ತಿಳಿಯಿತು. ಆ ಮಹಿಳೆಗೆ ವಿವರವಾಗಿ ಒಂದು ಪತ್ರ ಬರೆದೆ: ತಪ್ಪು ನಮ್ಮದು, ನಿಮ್ಮ ಸಮಿತಿಗೆ ಇದನ್ನೇ ತೋರಿಸಿ ಎಂದು. ನಾವು ನೇರವಾಗಿ ಬರೆಯುವಂತಿಲ್ಲವಾದ್ದರಿಂದ ಅದು ಬಾಡಿಗೆ ಸಂಸ್ಥೆಯ ಮೂಲಕವೇ ಹೋಗಬೇಕಾಯಿತು.

ಪುಟ ಸರಿಯಾದದ್ದು ಭಾನುವಾರ ಕಳೆದು ಎರಡು ದಿನಕ್ಕೆ. ಅದೇ ವಾರ ಅವರ ಉತ್ತರ ಬಂತು. ನನ್ನ ಪತ್ರ ಅವರಿಗೆ ತಲುಪಿದ್ದು ಸೋಮವಾರ. ಸಭೆ ಮುಗಿದಿತ್ತು. ವಾರದ ದಿನಗಳಲ್ಲಿ ಇನ್ನು ಚರ್ಚಿಗೆ ಬೀಗ. ನೋಡಲೇಬೇಕೆಂದವರು ಎದುರಿನ ಪಬ್ಬಿನಲ್ಲಿ ಬೀಗದ ಕೈ ಕೇಳಬೇಕು. ‘ನೀವು ಪ್ರಯತ್ನಿಸಿದಿರಿ, ಧನ್ಯವಾದ. ಮಧ್ಯಾಹ್ನಗಳಲ್ಲಿ ಏನು ಮಾಡುವುದೆಂದು ಇನ್ನೂ ತೋಚಿಲ್ಲ,’ ಎಂದು ಬರೆದಿದ್ದರು.

ಅಂದರೆ ಸರಿಪಡಿಸಿದ ಪುಟ ಮತ್ತೆ ತಪ್ಪಾಗಿತ್ತು.

ಸಂಜೆ ಐದಕ್ಕೆ, ಅಲ್ಲಿ ಮಧ್ಯಾಹ್ನವಾದಾಗ, ಆ ಪಬ್ಬಿಗೆ ನನ್ನ ಫೋನಿನಿಂದಲೇ ಕರೆ ಮಾಡಿದೆ. ಎತ್ತಿದವನಿಗೆ ಚೆನ್ನೈ ಎಂದಾಗ ನಂಬಿಕೆ ಬರಲಿಲ್ಲ. ಯಾವ ದಿನ ರಜೆ, ಬೀಗದ ಕೈ ಎಷ್ಟು ಹೊತ್ತಿನವರೆಗೆ ಕೊಡುತ್ತೀರಿ ಎಂದು ಕೇಳಿ ಬರೆದುಕೊಂಡು, ಬರೆದದ್ದನ್ನು ಅವನಿಗೇ ಓದಿ ಹೇಳಿದೆ. ಸರಿ ಎಂದ. ಸೋಮವಾರ ಪಬ್ಬಿಗೆ ರಜೆ. ಅಂದು ಚರ್ಚೂ ಇಲ್ಲ.

ಹುಡುಗಿ ನನ್ನ ಚೀಟಿ ತೆಗೆದುಕೊಂಡು, ಯಾರನ್ನೂ ಕೇಳದೆ, ತನ್ನ ಹೆಸರಿನಲ್ಲಿ ‘ತಪ್ಪು’ ಎಂದು ಅರ್ಜಿ ಹಾಕಿದಳು. ಪುಟ ಬದಲಾಗಲು ಇಪ್ಪತ್ತು ನಿಮಿಷ ಹಿಡಿಯಿತು.